ಗಿಟಾರಿನ ಮೇಲೆ ಗುಂಡುಕಲ್ಲು

ಇವತ್ತು ಮಾಡಿದ ಕೆಲಸಗಳು ಇವು. ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿದ್ದು. ಸೌದೆ ಹಸಿ, ಹೊಗೆಯೇ ಜಾಸ್ತಿ. ಅತ್ತೆಗೆ ಬಿಸಿನೀರಿನಲ್ಲಿ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಾಕಿದ್ದು. ಹಸು ಕರೆದು, ಹಾಲಿನ ಕ್ಯಾನನ್ನು ಸೊಸೈಟಿಗೆ ಒಯ್ಯಲು ಮನೆಯವರ ಕೈಗೆ ಕೊಟ್ಟದ್ದು. ಅಂಗಳದ ಪಾಚಿಗೆ ಸುಣ್ಣ ಚೆಲ್ಲಿ ಕೆರೆದದ್ದು. ಚಪ್ಪಲಿ, ಬೆಲ್ಟು, ಬೀರುವಿನ ಹಿಂಭಾಗ, ಹೀಗೆ ಬೂಷ್ಟು ಹಿಡಿದದ್ದನ್ನೆಲ್ಲ ಒಣಬಟ್ಟೆಯಿಂದ ಒರೆಸಿದ್ದು. ಸೀರೆ ಉಟ್ಟದ್ದು, ಮತ್ತೆ ಬಿಚ್ಚಿ ಮಡಿಸಿಟ್ಟದ್ದು. ನಡುವೆ ಜೀಪಿನ ತನಕ ಹೋಗಿ ಬಂದದ್ದು. ಅತ್ತೆಗೆ ನೀರು ಕುಡಿಸಿದ್ದು. ಗಿಟಾರಿನ ಆರೂ ತಂತಿ ಬಿಚ್ಚಿ, ಸುರುಳಿ ಸುತ್ತಿ, ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ, ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದು. ಕೊನೆಗೆ ಆ ಗಿಟಾರಿನ ಹೊಟ್ಟೆಯ ಮೇಲೆ ಚಟ್ನಿ ಅರೆಯುವ ಗುಂಡುಕಲ್ಲು ಇಟ್ಟದ್ದು.

ಕೊನೆಯ ಕೆಲಸವನ್ನು ನಮ್ಮ ಮನೆಯಲ್ಲಿ ಹಿಂದೆ ಯಾರೂ ಮಾಡಿದ್ದಿಲ್ಲ. ಅದು ಯಾಕೆ ಬಂತು ಎಂದು ಹೇಳಬೇಕಾದರೆ ಮಳೆ ಹಿಡಿದ ದಿನಗಳಿಂದ ಶುರು ಮಾಡಬೇಕು.

ನಮ್ಮ ಮನೆ ಗಡಿಯಾಚೆ, ಮಲಯಾಳ ಸೀಮೆಯ ಕಾಟ್ಟಿಕುಳಂನಿಂದ ಬೇಗೂರಿನ ಕಡೆಗೆ ಹೋಗುವ ರಸ್ತೆಯಿಂದ ಒಳಗೆ. ಮುಂದೆ ಕಾಫಿ, ಹಿಂದೆ ಕಾಡಂಚಿನ ಕಂದಕ. ಮಳೆಗಾಲದ ಮೊದಲ ಜೋರು ಮಳೆಯ ಮಾರನೆಯ ದಿನ ಅತ್ತೆ ಅಂಗಳದ ಪಾಚಿಯ ಮೇಲೆ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಮಾನಂತವಾಡಿಯಲ್ಲಿ ಆಪರೇಷನ್ ಆಗಿ, ತಿರುಗಿ ಮನೆಗೆ ತಂದು, ನಡುಮನೆಯ ಪಕ್ಕದ ಕೋಣೆಯಲ್ಲಿ ಕಬ್ಬಿಣದ ಮಂಚ ಹಾಕಿ ಮಲಗಿಸಿದೆವು. ಡಾಕ್ಟರು ಹೇಳುವ ತನಕ ಕಾಲು ಊರುವ ಹಾಗಿಲ್ಲ. ನನಗೆ ಕಾಟ್ಟಿಕುಳಂನಲ್ಲಿ ಒಂದು ಹೊಲಿಗೆ ಅಂಗಡಿ ಇತ್ತು. ಪೂರ್ತಿ ಅಂಗಡಿಯಲ್ಲ, ಒಂದು ಶಟರಿನ ಕೋಣೆಯಲ್ಲಿ ಅರ್ಧ. ಇನ್ನರ್ಧದಲ್ಲಿ ಒಬ್ಬ ಮೊಬೈಲ್ ರಿಪೇರಿಯವನು. ಮೆಷಿನ್ನನ್ನು ಮನೆಗೆ ತಂದು, ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಅದು ಅಲ್ಲೇ ತೂಗುತ್ತಿದೆ.

ಮನೆಯಲ್ಲಿ ಇದ್ದವರು ನಾವು ಮೂವರು. ಅತ್ತೆ, ಮನೆಯವರು, ನಾನು. ಮನೆಯವರು ತಾಯಿಗೆ ಏನು ಬೇಕಾದರೂ ಮಾಡುತ್ತಾರೆ. ಎತ್ತಿ ಕೂರಿಸುತ್ತಾರೆ, ಕಾಲು ಒತ್ತುತ್ತಾರೆ, ಮಾತ್ರೆ ಬಿಡಿಸಿ ಕೊಡುತ್ತಾರೆ. ಆದರೆ ಮಂಚದ ಕೆಳಗಿನ ಬೆಡ್‌ಪ್ಯಾನ್ ತೆಗೆಯುವ ಹೊತ್ತಿಗೆ ಅವರು ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಮಳೆಯಿದ್ದರೆ ಕೊಡೆ ಹಿಡಿದು ನಿಲ್ಲುತ್ತಾರೆ. ಹೋಗು ಎಂದು ಯಾರೂ ಹೇಳುವುದಿಲ್ಲ, ಬಾ ಎಂದು ನಾನು ಕರೆದ ಮೇಲೆ ಒಳಗೆ ಬರುತ್ತಾರೆ. ಹೆತ್ತ ತಾಯಿಯ ಆ ಕೆಲಸ ಗಂಡುಮಗ ಮಾಡುವುದು ನಮ್ಮಲ್ಲಿ ಇಲ್ಲ. ಮಾಡಿದರೆ ಸಾಯುವಷ್ಟು ನಾಚಿಕೆ ಅತ್ತೆಗೇ. ಹಾಗಾಗಿ ನಾನು ಮನೆ ಬಿಟ್ಟು ಇರಬಹುದಾದದ್ದು ಹೆಚ್ಚೆಂದರೆ ಒಂದು ಗಂಟೆ. ಹುಲ್ಲು ಕೊಯ್ಯಲು ಹೋದರೂ ಮನೆಯ ಹೆಂಚು ಕಾಣುವ ಹಾಗೆಯೇ ಕೊಯ್ಯುತ್ತಿದ್ದೆ.

ಹಗಲಿಗೆ ಇದು. ಸಂಜೆಗೆ ಆನೆ. ಈ ವರ್ಷ ಒಂದು ಒಂಟಿ ಸಲಗ ನಮ್ಮ ಕಂದಕದ ಮಣ್ಣು ಕುಸಿದ ಜಾಗ ಹುಡುಕಿಕೊಂಡು ಕಾಫಿಯೊಳಗೆ ಬಂದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿತ್ತು. ಹಲಸಿನ ವಾಸನೆಯ ಸೆಳೆತ ಅದಕ್ಕೆ. ನಾಲ್ಕು ಗಂಟೆಯಾದ ಮೇಲೆ ಬಾಗಿಲು ಹಾಕಿ ಒಳಗೆ ಕೂರುವುದು. ಮಳೆಯ ಸದ್ದಿನಲ್ಲಿ ಅದು ಬಂದದ್ದು ಗೊತ್ತಾಗುವುದಿಲ್ಲ, ಕೊಂಬೆ ಮುರಿದದ್ದು ಮಾತ್ರ ಬೆಳಿಗ್ಗೆ ಕಾಣುತ್ತದೆ.

ಗಿಟಾರು ಮಗಳದು. ಹನ್ನೆರಡನೇ ಕ್ಲಾಸಿನಲ್ಲಿ ಇದ್ದಾಗ ಹಟ ಮಾಡಿ ಮಾನಂತವಾಡಿಯಿಂದ ತರಿಸಿಕೊಂಡಿದ್ದಳು. ಈಗ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ, ಹಾಸ್ಟೆಲ್ಲಿನಲ್ಲಿ ಸದ್ದು ಮಾಡುವ ಹಾಗಿಲ್ಲ ಎಂದು ಇಲ್ಲೇ ಬಿಟ್ಟು ಹೋದಳು. ಹೋಗುವಾಗ ಹೇಳಿದ್ದು ಒಂದೇ ಮಾತು, ಬೂಷ್ಟು ಹಿಡಿಯದ ಹಾಗೆ ನೋಡಿಕೋ ಎಂದು.

ಬೂಷ್ಟು ಹಿಡಿಯಬಾರದ ವಸ್ತುವಿಗೆ ಈ ಮನೆಯಲ್ಲಿ ಇರುವುದು ಒಂದೇ ಜಾಗ, ಒಲೆಯ ಮೇಲಿನ ಅಟ್ಟ. ಬಿತ್ತನೆ ಭತ್ತ ಅಲ್ಲಿ. ಒಣಶುಂಠಿ, ಒಣಮೀನು, ಹಲಸಿನ ಬೀಜ, ಬಿದಿರಿನ ಮೊರ, ಬುಟ್ಟಿ ಎಲ್ಲ ಅಲ್ಲಿ. ಮಗಳನ್ನು ತೂಗಿದ ಬೆತ್ತದ ತೊಟ್ಟಿಲೂ ಅಲ್ಲೇ ಇದೆ, ಹೊಗೆಯಲ್ಲಿ ಕಪ್ಪಾಗಿ, ಆದರೆ ಒಂದು ಹುಳು ಬೀಳದೆ. ಅತ್ತೆ ಈ ಮನೆಗೆ ಬಂದಾಗಿನಿಂದ ಅಟ್ಟದ ಲೆಕ್ಕ ಅವರದೇ. ಯಾವುದು ಮೇಲೆ ಹೋಗಬೇಕು, ಯಾವುದು ಕೆಳಗೆ ಇಳಿಯಬೇಕು, ಈಗಲೂ ಮಂಚದಿಂದಲೇ ಹೇಳುತ್ತಾರೆ. ಗಿಟಾರನ್ನು ಮಾತ್ರ ನಾನು ಅತ್ತೆಯ ಕೋಣೆಯ ಮೂಲೆಯಲ್ಲಿ ನಿಲ್ಲಿಸಿ ದಿನವೂ ಒರೆಸುತ್ತಿದ್ದೆ. ಒರೆಸುವ ನೆಪದಲ್ಲಿ ಒಂದು ದಿನ ತಂತಿಗೆ ಬೆರಳು ತಾಗಿಸಿದೆ. ಇನ್ನೊಂದು ದಿನ ಸ್ಟೂಲಿನ ಮೇಲೆ ಕೂತು ಮಡಿಲಲ್ಲಿ ಇಟ್ಟುಕೊಂಡೆ.

ಮಗಳಿಗೆ ಫೋನಿನಲ್ಲಿ ಹೇಳಿದಾಗ ನಕ್ಕಳು. ಆಮೇಲೆ ಹುರುಪು ಬಂತು ಅವಳಿಗೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗುಲಿಯ ಒಂದು ಕಂಬದ ಹತ್ತಿರ ಮಾತ್ರ. ಅಲ್ಲಿ ನಿಂತು ಅವಳು ಕಳಿಸಿದ ವೀಡಿಯೊ ಇಳಿಸಿಕೊಂಡು, ಒಳಗೆ ಬಂದು ನೋಡುವುದು. ಬೆರಳು ಎಲ್ಲಿ, ಯಾವ ತಂತಿ ಬಿಡಬೇಕು, ಯಾವ ತಂತಿ ಒತ್ತಬೇಕು ಎಂದೆಲ್ಲ ತೋರಿಸುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ಗಿಟಾರಿಲ್ಲವಲ್ಲ, ಒಂದು ಉದ್ದದ ಸ್ಕೇಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು.

ಮೊದಲು ತಿಳಿದದ್ದು ನನ್ನ ಎಡಗೈಯ ವಿಚಾರ. ಇಷ್ಟು ವರ್ಷ ಅದು ಬರೀ ಹಿಡಿದುಕೊಳ್ಳುವ ಕೈ. ಹುಲ್ಲಿನ ಬುಡ ಹಿಡಿಯುವುದು, ಬಟ್ಟೆಯ ಅಂಚು ಹಿಡಿಯುವುದು, ತೆಂಗಿನ ಹೋಳು ಹಿಡಿಯುವುದು. ಕುಡುಗೋಲು, ಕತ್ತರಿ, ಕತ್ತಿ ಎಲ್ಲ ಬಲಗೈಗೆ. ಬಲಗೈಯ ಬೆರಳು ಚರ್ಮದ ಹಾಗೆ ಗಟ್ಟಿ, ಎಡಗೈಯದು ಎಳೆಮಗುವಿನ ಹಾಗೆ. ಗಿಟಾರಿನಲ್ಲಿ ಒತ್ತುವ ಕೆಲಸವೆಲ್ಲ ಎಡಗೈಗೇ. ತಂತಿಯ ಗೆರೆ ಬೆರಳ ತುದಿಯಲ್ಲಿ ಕೂತು, ಸಾರಿಗೆ ಉಪ್ಪು ಹಾಕುವಾಗ ಉರಿಯುತ್ತಿತ್ತು. ಉಗುರು ಕತ್ತರಿಸಿಕೊಂಡೆ. ಚರ್ಮ ಸುಲಿಯಿತು, ಹೊಸದು ಬಂತು, ಅದೂ ಸುಲಿಯಿತು. ನಿಲ್ಲಿಸಬೇಡ, ಆದರೆ ಸ್ವಲ್ಪ ಸ್ವಲ್ಪವೇ ಮಾಡು ಎಂದು ಮಗಳು. ಅನ್ನ ಬೇಯುವ ಹೊತ್ತಿನಷ್ಟು ಬಾರಿಸುವುದು, ಕುಕ್ಕರ್ ಕೂಗಿದರೆ ಎದ್ದುಬಿಡುವುದು ಎಂದು ಇಟ್ಟುಕೊಂಡೆ.

ಮಳೆಯ ಥಂಡಿಗೆ ತಂತಿ ತುಕ್ಕು ಹಿಡಿಯುತ್ತಿತ್ತು. ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಚಿಂದಿಯಲ್ಲಿ ಅದ್ದಿ ಒರೆಸಿದೆ, ಹೋಯಿತು. ಶ್ರುತಿ ಬೆಳಿಗ್ಗೆಗೊಂದು, ಸಂಜೆಗೊಂದು. ಫೋನಿನಲ್ಲಿ ಶ್ರುತಿ ತೋರಿಸುವ ಒಂದು ಮುಳ್ಳು ಇದೆ, ಅದು ನಡುವೆ ಬಂದು ಹಸಿರಾಗುವ ತನಕ ಗಿಟಾರಿನ ಕಿವಿ, ಅಂದರೆ ತಂತಿ ಬಿಗಿಯುವ ತಿರುಪು, ಹಿಂಡಬೇಕು. ಮೊದಲ ವಾರಗಳಲ್ಲಿ ನನ್ನ ಹೊತ್ತೆಲ್ಲ ಅದರಲ್ಲೇ ಹೋಗುತ್ತಿತ್ತು. ಆಮೇಲೆ ಮುಳ್ಳು ನೋಡುವ ಮೊದಲೇ ಕಿವಿಗೆ ಗೊತ್ತಾಗತೊಡಗಿತು, ಇದು ತುಸು ಇಳಿದಿದೆ ಎಂದು.

ಅತ್ತೆಗೆ ಇದನ್ನೆಲ್ಲ ಕೇಳದೆ ಬೇರೆ ದಾರಿ ಇರಲಿಲ್ಲ. ನನಗೂ ಅವರ ಕಣ್ಣೆದುರು ಬಾರಿಸದೆ ದಾರಿ ಇರಲಿಲ್ಲ. ಬೇರೆ ಕೋಣೆಗೆ ಹೋದರೆ ಅವರು ಕರೆದದ್ದು ಕೇಳುವುದಿಲ್ಲ. ಮೊದಲ ದಿನವೇ ಅಂದರು.

"ಅದೇನ್ ಮಗಾ, ಬೆಕ್ಕಿನ್ ಬಾಲ ತುಳ್ದಂಗೆ?"

"ಕಲೀತಾ ಇದ್ದೀನಿ ಅತ್ತೆ."

"ಕಲಿ ಕಲಿ. ನಾನ್ ಎದ್ದೋಗಕ್ಕಾಗಲ್ಲ ಅಂತ ಗೊತ್ತಿದ್ದೇ ಶುರು ಮಾಡೀಯ."

ಕಾರ್ಡುಗಳಲ್ಲಿ, ಅಂದರೆ ಹಲವು ತಂತಿ ಒಟ್ಟಿಗೆ ನುಡಿಸುವ ಹಿಡಿತಗಳಲ್ಲಿ, ಮೊದಲು ಎ ಮೈನರ್ ಬಂತು. ಸಿ ಬಂತು. ಎರಡರ ನಡುವೆ ಒಂದೇ ಬೆರಳು ಎತ್ತಿ ಇಟ್ಟರೆ ಸಾಕು ಎಂದು ತಿಳಿದ ದಿನ ನಾನು ಅದನ್ನೇ ಮತ್ತೆ ಮತ್ತೆ ಮಾಡಿ, ಹಾಲು ಉಕ್ಕಿಸಿದೆ. ಜಿ ಕೂಡ ಬಂತು, ಕಿರುಬೆರಳು ನಡುಗುತ್ತಿತ್ತು. ಬಾರದೇ ಇದ್ದದ್ದು ಎಫ್. ತೋರುಬೆರಳನ್ನು ಅಡ್ಡಲಾಗಿ ಮಲಗಿಸಿ ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು, ಉಳಿದ ಬೆರಳು ಬೇರೆ ಕಡೆ ನಿಲ್ಲಬೇಕು. ನಾನು ಒತ್ತಿದರೆ ಎರಡು ತಂತಿ ಸದ್ದೇ ಮಾಡುತ್ತಿರಲಿಲ್ಲ, ಒಂದು ಗೊರ್ ಎನ್ನುತ್ತಿತ್ತು. ಅತ್ತೆ ಅದಕ್ಕೆ ಕಪ್ಪೆ ಎಂದು ಹೆಸರಿಟ್ಟರು. ಹಾಡು ಸರಿಯಾಗಿ ಸಾಗುತ್ತಾ ಬಂದು ಎಫ್ ಬರುವ ಜಾಗ ಹತ್ತಿರವಾದರೆ, ಮಂಚದಿಂದಲೇ ಕಾಯುವವರು. ಗೊರ್ ಎಂದ ತಕ್ಷಣ, "ಬಂತು ಕಪ್ಪೆ."

ಬಲಗೈಯ ಬೀಸು ಕೂಡ ನನಗೆ ಬಿಗಿಯಾಗಿತ್ತು. ಮೊಣಕೈಯಿಂದ ಗರಗಸ ಎಳೆದ ಹಾಗೆ ಎಳೆಯುತ್ತಿದ್ದೆ. ಮಗಳು ವೀಡಿಯೊದಲ್ಲಿ ಕೈ ಸಡಿಲ ಬಿಡು ಎಂದು ಎಷ್ಟು ಹೇಳಿದರೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಅತ್ತೆ, ನೀನು ಅಕ್ಕಿ ಕೇರುವಾಗ ಮೊಣಕೈ ಆಡಿಸುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಇಲ್ಲಿ ಯಾಕೆ ಆಡಿಸುತ್ತೀಯ ಎಂದರು. ಹೋಗಿ ಮೊರ ತಂದು, ಎರಡು ಹಿಡಿ ಅಕ್ಕಿ ಹಾಕಿ ಕೇರಿ ನೋಡಿದೆ. ಮಣಿಕಟ್ಟು ತಾನಾಗಿ ಆಡುತ್ತಿತ್ತು. ಮೊರ ಕೆಳಗಿಟ್ಟು ಗಿಟಾರು ಎತ್ತಿಕೊಂಡೆ. ಅವತ್ತಿನಿಂದ ಬೀಸು ಬಿಟ್ಟುಕೊಂಡಿತು.

ಇಷ್ಟೇ ಆಗಿದ್ದರೆ ಇದು ಮಳೆಗಾಲದ ಒಂದು ಹೊತ್ತು ಕಳೆಯುವ ಆಟ. ಆದರೆ ನಮ್ಮ ಅಯಲ್ಕೂಟದ, ಅಂದರೆ ನೆರೆಹೊರೆಯ ಹೆಂಗಸರ ಗುಂಪಿನ, ಚೇಚಿ ಒಬ್ಬರು ಅತ್ತೆಯನ್ನು ನೋಡಲು ಬಂದರು. ಚೇಚಿ ಎಂದರೆ ಅಕ್ಕ. ಮಲಯಾಳಿ, ಬಾಯಿ ತುಂಬ ಮಾತಿನವರು, ಗುಂಪಿನ ಹಾಡುಗಳಿಗೆ ಅವರೇ ಮುಂದಾಳು. ಆಗಸ್ಟಿನ ನಡುವೆ ಹುಟ್ಟುವ ಚಿಂಗ ತಿಂಗಳ ಮೊದಲ ಭಾನುವಾರ ಕಾಟ್ಟಿಕುಳಂನ ಸಭಾಭವನದಲ್ಲಿ ಎಲ್ಲ ಗುಂಪುಗಳ ವಾರ್ಷಿಕ ಕೂಟ. ನಮ್ಮ ಗುಂಪು ನಾಟಿಯ ಒಂದು ಹಾಡು ಹೇಳುವುದು, ಹಾಡಿಗೆ ಕೀಬೋರ್ಡ್ ಬಾರಿಸುತ್ತಿದ್ದ ಹುಡುಗಿ ಮದುವೆಯಾಗಿ ಹೋದಳು, ಈಗ ಶ್ರುತಿಗೆ ಯಾರೂ ಇಲ್ಲ ಎಂದು ಹೇಳುತ್ತಾ ಇದ್ದವರು ಮೂಲೆಯ ಗಿಟಾರು ನೋಡಿದರು. ಯಾರದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಇವಳು ಬಾರಿಸುತ್ತಾಳೆ, ಒಂದು ಕಪ್ಪೆ ಬಿಟ್ಟರೆ ಎಲ್ಲ ಚೆನ್ನಾಗಿದೆ ಎಂದುಬಿಟ್ಟರು.

ಹಾಡಿಗೆ ಬೇಕಾದದ್ದು ನಾಲ್ಕೇ ಕಾರ್ಡು. ಎ ಮೈನರ್, ಎಫ್, ಸಿ, ಜಿ. ನಾನು ಒಪ್ಪಿಕೊಂಡೆ.

ಯಾಕೆ ಒಪ್ಪಿಕೊಂಡೆ ಎಂದು ಆಮೇಲೆ ಯೋಚಿಸಿದ್ದೇನೆ. ಸ್ಟೇಜಿನ ಆಸೆ ಇರಲಿಲ್ಲ. ಮಳೆಗಾಲ ಹಿಡಿದಾಗಿನಿಂದ ನಾನು ಮನೆ ಬಿಟ್ಟು ಹೋದದ್ದೆಂದರೆ ಆಸ್ಪತ್ರೆ, ಹುಲ್ಲು, ಒಂದು ಸಲ ರೇಷನ್ ಅಂಗಡಿ. ಆ ಭಾನುವಾರ ಬೆಳಿಗ್ಗೆ ಜೀಪು ಹತ್ತಿ, ಕಾಫಿ ತೋಟ ದಾಟಿ, ರಸ್ತೆಗೆ ಸೇರಿ, ನನ್ನ ಮುಚ್ಚಿದ ಶಟರಿನ ಮುಂದೆ ಹಾದು, ಜನರ ನಡುವೆ ಕೂತು, ಸಂಜೆಯ ಒಳಗೆ ಮನೆಗೆ ಬರುವುದು. ಒಂದು ಹಗಲು. ಅದು ಬೇಕಿತ್ತು ನನಗೆ. ಸುಮ್ಮನೆ ಹೋಗಿ ಬರುತ್ತೇನೆ ಎಂದರೆ ನನಗೇ ಒಪ್ಪಿಗೆಯಾಗುತ್ತಿರಲಿಲ್ಲ. ಗಿಟಾರು ಬಾರಿಸಲು ಬೇರೆ ಯಾರೂ ಇಲ್ಲ ಎಂದರೆ ಹೋಗಲೇಬೇಕು.

ಪುಲ್ಪಳ್ಳಿಯಲ್ಲಿರುವ ನಾದಿನಿ ಶನಿವಾರ ಬಂದು ಎರಡು ದಿನ ಇದ್ದು ಅಮ್ಮನನ್ನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಳು. ಅಲ್ಲಿಂದ ಮುಂದೆ ನನಗೆ ಎಫ್ ಒಂದೇ ಚಿಂತೆ. ಮಗಳು ಸುಲಭದ ಎಫ್ ಒಂದು ಇದೆ, ಸಣ್ಣದು, ಅದನ್ನು ಹಾಕು ಎಂದಳು. ಅದನ್ನೂ ಮಾಡಿದೆ, ಆದರೆ ಹೆಂಗಸರೆಲ್ಲ ಒಟ್ಟಿಗೆ ಎತ್ತಿ ಹಾಡುವ ಜಾಗದಲ್ಲಿ ಅದು ಸಾಲುತ್ತಿರಲಿಲ್ಲ. ಚೇಚಿಯ ಮನೆಗೆ ಅಭ್ಯಾಸಕ್ಕೆ ಹೋಗುವುದು ಆಗಲಿಲ್ಲ. ಅವರೆಲ್ಲ ಸೇರಿ ಹಾಡಿದ್ದನ್ನು ಫೋನಿನಲ್ಲಿ ಕಳಿಸುತ್ತಿದ್ದರು, ನಾನು ಅದರ ಜೊತೆ ಇಲ್ಲಿ ಬಾರಿಸುತ್ತಿದ್ದೆ. ಅಲ್ಲಿ ಅವರ ನಗು, ಚಹಾ ಲೋಟದ ಸದ್ದು, ಯಾರದೋ ಮಗುವಿನ ಅಳು ಎಲ್ಲ ಹಾಡಿನ ನಡುವೆ ಕೇಳುತ್ತಿತ್ತು. ಇಲ್ಲಿ ಮಳೆ.

ಚಿಂಗಕ್ಕೆ ಮುಂಚಿನ ಕರ್ಕಾಟಕ ತಿಂಗಳು ಮುಗಿಯುತ್ತಾ ಬಂದಾಗ ಒಂದು ಸಂಜೆ ಕರೆಂಟು ಹೋಗಿತ್ತು. ಬೆರಳು ಕಾಣುತ್ತಿರಲಿಲ್ಲ. ಬಹುಶಃ ಅದರಿಂದಲೇ ಇರಬೇಕು, ತೋರುಬೆರಳನ್ನು ಇಷ್ಟು ದಿನ ಒತ್ತಿದ ಹಾಗೆ ಚಪ್ಪಟೆಯಾಗಿ ಒತ್ತದೆ, ತುಸು ಅದರ ಪಕ್ಕಕ್ಕೆ ಹೊರಳಿಸಿದೆ. ಹೆಬ್ಬೆರಳು ಹಿಂದೆ ತಾನಾಗಿ ಕೆಳಗಿಳಿಯಿತು. ಎಫ್ ಪೂರ್ತಿಯಾಗಿ ಬಂತು. ಒಂದು ಸಲ ಅಂದುಕೊಂಡು ಮತ್ತೆ ಬಾರಿಸಿದೆ, ಮತ್ತೆ ಬಂತು. ಕತ್ತಲಲ್ಲಿ ಅತ್ತೆಯ ದನಿ.

"ಕಪ್ಪೆ ಎಲ್ಲೋಯ್ತು?"

"ಓಡೋಯ್ತು ಅತ್ತೆ."

"ಇನ್ನೊಂದ್ ಸಲ ಬಾರ್ಸು ನೋಡುವ. ಬಾಗಿಲ ಸಂದೀಲಿ ಇದ್ರೂ ಇದ್ದೀತು."

ಹಾಡನ್ನು ಮೊದಲಿನಿಂದ ಕೊನೆಯ ತನಕ ಬಾರಿಸಿದೆ. ಅತ್ತೆ ಉಗುರಿನಿಂದ ಮಂಚದ ಕಬ್ಬಿಣದ ಸರಳಿಗೆ ತಟ್ಟಿ ತಾಳ ಹಾಕಿದರು. ಮನೆಯವರು ಟಾರ್ಚು ಹಿಡಿದುಕೊಂಡು ಹಾಡು ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದರು.

ಮೊನ್ನೆ ಶುಕ್ರವಾರದ ತನಕ ಎಲ್ಲ ಹೀಗೆ ಸರಿಯಾಗಿಯೇ ಇತ್ತು. ನಿನ್ನೆ ಶನಿವಾರ ಬೆಳಿಗ್ಗೆ ನಾದಿನಿಯ ಫೋನು ಬಂತು. ಅವಳ ಅತ್ತೆಗೆ ಜ್ವರ, ಬಿಟ್ಟು ಬರುವ ಹಾಗಿಲ್ಲ. ಅವಳದು ತಪ್ಪೆಂದು ಹೇಗೆ ಹೇಳಲಿ, ಅವಳೂ ಒಂದು ಮಂಚದ ಪಕ್ಕ ನಿಂತೇ ಮಾತಾಡುತ್ತಿದ್ದಳು. ಮನೆಯವರು, ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದರು. ಹಾಗೆನ್ನುವಾಗ ನೆಲ ನೋಡುತ್ತಿದ್ದರು. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡರು.

ನಾನು ನಿನ್ನೆ ಗಿಟಾರು ಮುಟ್ಟಲಿಲ್ಲ. ಮಳೆ ಬಿಡಲೇ ಇಲ್ಲ. ಅತ್ತೆಯ ಬಟ್ಟೆ, ಹಾಸುವ ಬಟ್ಟೆ ಯಾವುದೂ ಒಣಗಿರಲಿಲ್ಲ ಎಂದು ಒಲೆಯ ಸುತ್ತ ಹಗ್ಗ ಕಟ್ಟಿ, ಬೆಳಿಗ್ಗೆಯಿಂದ ಕತ್ತಲಾಗುವ ತನಕ ಬೆಂಕಿ ದೊಡ್ಡದು ಮಾಡಿ ಉರಿಸಿದೆ. ಸಿಟ್ಟಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ಸೌದೆ ಹಾಕಿದೆ. ನಡುವೆ ಕೊಟ್ಟಿಗೆಗೆ ಹೋಗಿ ಬಂದು ನೋಡಿದರೆ ಮೂಲೆಯಲ್ಲಿ ಗಿಟಾರಿನ ಚೀಲ ಇರಲಿಲ್ಲ. ಮನೆಯವರು ಬೀರುವಿನ ಮೇಲೆ ಇಟ್ಟಿರಬೇಕು, ಕಣ್ಣಿಗೆ ಬೀಳದೆ ಇರುವುದೇ ಒಳ್ಳೆಯದು ಎಂದುಕೊಂಡು ಕೇಳಲೂ ಇಲ್ಲ.

ಸಂಜೆ ಕಾಫಿ ಕೊಟ್ಟರೆ ಅತ್ತೆ ಬೇಡ ಎಂದರು. ರಾತ್ರಿ ಗಂಜಿ ಬೇಡ ಎಂದರು. ಮಾತ್ರೆಗೆ ನೀರು ಕೊಟ್ಟರೆ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿ ಲೋಟ ತಳ್ಳಿದರು. ನಮ್ಮ ಕಡೆ ಹೆಂಗಸರ ಮುನಿಸು ಮೊದಲು ಕಾಣುವುದು ಊಟದ ತಟ್ಟೆಯಲ್ಲಿ. ನಾನೂ ಮಾಡಿದ್ದೇನೆ, ಅತ್ತೆಯೂ ಮಾಡಿದ್ದಾರೆ, ಬಿಡಿಸಿ ಹೇಳಬೇಕಾಗಿಲ್ಲ. ಹೋಗಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹಸಿದು ಮಲಗುತ್ತಾರೆ, ಹಾಗೆ ಕಟ್ಟಿಹಾಕುತ್ತಾರೆ ಎಂದುಕೊಂಡೆ. ಇವತ್ತು ಬೆಳಿಗ್ಗೆಯೂ ಕಾಫಿ ಬೇಡ ಎಂದಾಗ ನನಗೂ ಹಟ ಬಂತು. ಬೇಡದಿದ್ದರೆ ಬೇಡ, ನಾನು ಹೋಗಿಯೇ ಹೋಗುತ್ತೇನೆ, ಏನಾಗುತ್ತದೋ ಆಗಲಿ ಎಂದು, ಇದ್ದ ಕೆಲಸ ಎಲ್ಲ ಮುಗಿಸಿ ಸೀರೆ ಉಟ್ಟೆ.

ಗಿಟಾರು ಎಲ್ಲಿ ಎಂದು ಕೇಳಿದೆ. ಮನೆಯವರು ಹಾಲು ಹಾಕಿ ಬಂದು ತಲೆ ಒರೆಸಿಕೊಳ್ಳುತ್ತಿದ್ದರು.

"ಅಟ್ಟದಲ್ಲಿ ಅದೆ. ನೆನ್ನೆ ಇಡಕ್ಕೆ ಅವ್ವ ಹೇಳ್ತು."

ಏಣಿ ಹತ್ತಿ ಇಳಿಸಿದವರು ಅವರೇ. ಚೀಲದ ಮೇಲೆ ಮಸಿ. ಜಿಪ್ಪು ಮುಟ್ಟಿದರೆ ಬಿಸಿ. ಒಳಗಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಾಗ ಮೊದಲು ಏನೂ ತಿಳಿಯಲಿಲ್ಲ. ಎ ಮೈನರ್ ಹಿಡಿದರೆ ತಂತಿಗಳು ಬೆರಳಿಗೆ ಸಿಗದಷ್ಟು ಮೇಲೆ. ಕೆಳಗೆ, ತಂತಿಗಳ ಬುಡವನ್ನು ಹಿಡಿದಿರುವ ಮರದ ಪಟ್ಟಿ ಇರುತ್ತದೆ, ಮಗಳು ಅದಕ್ಕೆ ಬ್ರಿಜ್ ಎನ್ನುತ್ತಾಳೆ. ಅದರ ಗೋಂದು ಬಿಸಿಗೆ ಕರಗಿ, ತಂತಿಗಳ ಎಳೆತಕ್ಕೆ ಆ ಪಟ್ಟಿ ಒಂದು ಬದಿಯಿಂದ ಎದ್ದು ನಿಂತಿತ್ತು. ಸಂದಿಯಲ್ಲಿ ಬೆರಳ ತುದಿ ಹೋಗುತ್ತಿತ್ತು. ಎಫ್ ಒತ್ತಿ ನೋಡಿದೆ. ನನಗೆ ಗೊತ್ತಿದ್ದ ಕಪ್ಪೆ ಕೂಡ ಬರಲಿಲ್ಲ.

ಅದನ್ನು ಹಾಗೆಯೇ ಹಿಡಿದುಕೊಂಡು ಅತ್ತೆಯ ಮಂಚದ ಹತ್ತಿರ ಹೋದೆ. ನಾನು ಹೋಗಬಾರದು ಎಂದಿದ್ದರೆ ಬಾಯಲ್ಲಿ ಹೇಳಬಹುದಿತ್ತು ಎಂದೆ.

ಅತ್ತೆ ಗಿಟಾರನ್ನೇ ನೋಡಿದರು. ಕೈ ಚಾಚಿ ಎದ್ದ ಪಟ್ಟಿಯನ್ನು ಮುಟ್ಟಿದರು.

"ಇದೇನಾಯ್ತು?"

"ಬಿಸಿಗೆ ಬಿಟ್ಕೊಂತು."

"ಬಿಸಿಗೆ ಬಿಡ್ತದಾ ಇದು?" ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದರು. "ಚೀಲದಲ್ಲಿ ಬಿಳೀ ಬೂಷ್ಟು ಕಂಡೆ ಮಗಾ. ಅಷ್ಟು ಜನದ್ ಮುಂದೆ ನಾತ ಹೊಡ್ಕೊಂಡ್ ಹೋಗೋದ್ ಬ್ಯಾಡ, ಒಂದಿನ ಹೊಗೇಲಿ ಇರ್ಲಿ ಅಂದೆ. ತೊಟ್ಲು ಹಂಗೇ ಇಟ್ಟಿರದು. ಬಿತ್ತನೆ ಹಂಗೇ ಇಟ್ಟಿರದು. ಯಾವ್ದು ಕೆಟ್ಟದೆ ಹೇಳು?"

ಹೊರಗೆ, ಕಾಫಿಯ ಆಚೆ, ಜೀಪು ಹಾರ್ನ್ ಮಾಡಿತು. ನಾನು ಹೋಗುವುದಿಲ್ಲ ಎಂದೆ. ಆಗ ಅತ್ತೆಗೆ ಸಿಟ್ಟು ಬಂತು. ಬಿದ್ದ ದಿನದಿಂದ ಇಲ್ಲಿಯವರೆಗೆ ಅವರಿಗೆ ಅಂಥ ಸಿಟ್ಟು ಬಂದದ್ದು ನಾನು ನೋಡಿರಲಿಲ್ಲ.

"ಹೋಗಲ್ಲ ಅಂದ್ರೆ? ನೆನ್ನೆ ಸಂಜೆಯಿಂದ ನಾನ್ ಬಾಯಿ ಒಣಗಿಸ್ಕೊಂಡ್ ಬಿದ್ದಿರದು ಯಾತಕ್ಕೆ? ಒಂದ್ ಗುಟುಕು ಒಳಿಕ್ಕೆ ಬಿಟ್ಟಿಲ್ಲ. ನೀನ್ ಬರೋಗಂಟ ನಂಗೇನೂ ಬ್ಯಾಡ. ಆ ಕೆಲ್ಸಕ್ಕೆ ಅವನ್ನ ಕರೆಯೋ ಹಂಗಾಗಬಾರದು ಅಂತ."

ಅವರ ತುಟಿ ನೋಡಿದೆ. ಮೈ ಒರೆಸುವಾಗ ಬೆಳಿಗ್ಗೆ ಕಂಡಿರಲಿಲ್ಲ, ನೋಡಿರಲಿಲ್ಲ ಎನ್ನಬೇಕು. ಬಿರಿದು ಬಿಳಿಯಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮನೆಯವರು ಟವೆಲು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದುಬಿಟ್ಟರು, ಯಾರೂ ಹೇಳದೆ.

ನನಗೆ ಆಗ ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮುನಿಸಿನ ಉಪವಾಸವಾಗಿದ್ದರೆ ನಾನು ಅದನ್ನು ದಾಟಿ ಹೋಗುತ್ತಿದ್ದೆ. ಇದನ್ನು ದಾಟುವುದು ಹೇಗೆ?

ಕೊಡೆ ಹಿಡಿದು ಜೀಪಿನ ತನಕ ಹೋದೆ. ಒಳಗೆ ಹೆಂಗಸರು ಒತ್ತಾಗಿ ಕೂತಿದ್ದರು, ಎಲ್ಲರದೂ ಒಂದೇ ಅಂಚಿನ ಸೀರೆ. ಗಿಟಾರು ಮುರಿಯಿತು ಎಂದು ಹೇಳಿದೆ. ಚೇಚಿ ಅಯ್ಯೋ ಎಂದರು, ಆಮೇಲೆ ಅದಿಲ್ಲದಿದ್ದರೆ ಏನು, ಕೈ ತಟ್ಟಿ ಹಾಡುವುದು, ನೀನು ಹತ್ತು, ಜಾಗ ಇದೆ ಎಂದು ಸರಿದು ಕೂತರು. ಜಾಗ ನಿಜವಾಗಿಯೂ ಇತ್ತು. ಸೀಟಿನ ರೆಕ್ಸಿನ್ನು ಅಷ್ಟು ಅಗಲ ಕಾಣುತ್ತಿತ್ತು. ಅತ್ತೆ ಇನ್ನೊಂದು ಆರು ಗಂಟೆ ತಡೆದುಕೊಳ್ಳುತ್ತಿದ್ದರು, ಅದೂ ನನಗೆ ಗೊತ್ತಿತ್ತು. ಅಂದ ಮೇಲೆ ಮಾಡುವ ಹೆಂಗಸು ಅವರು. ನಾನು ಜೀಪಿನ ಬಾಗಿಲಿನ ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಕೈ ಬಿಟ್ಟೆ, ನೀವು ಹೊರಡಿ, ಹೊತ್ತಾಗುತ್ತದೆ ಎಂದೆ.

ಒಳಗೆ ಬಂದು ಲೋಟದಲ್ಲಿ ಜೀರಿಗೆ ಕುದಿಸಿದ ನೀರು ತೆಗೆದುಕೊಂಡು ಹೋದೆ. ಅತ್ತೆ ಗೋಡೆಗೆ ಮುಖ ಮಾಡಿದ್ದರು.

"ಕುಡೀರಿ ಅತ್ತೆ."

"ಕುಡುದ್ರೆ ನೀನ್ ಹೋಗಕ್ಕಾಗಲ್ಲ."

"ಜೀಪು ಹೋಯ್ತು. ಕುಡೀರಿ."

ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿದೆ. ಮೊದಲು ಸಣ್ಣಗೆ, ಆಮೇಲೆ ಗಟಗಟ ಕುಡಿದರು. ಇನ್ನೊಂದು ಲೋಟ ಅವರೇ ಕೇಳಿದರು. ಸ್ವಲ್ಪ ಹೊತ್ತಿಗೆ ಬೆಡ್‌ಪ್ಯಾನ್ ಬೇಕಾಯಿತು. ಜೀಪಿನ ಸದ್ದು ಅಷ್ಟು ಹೊತ್ತಿಗೆ ಮಳೆಯಲ್ಲಿ ಎಲ್ಲೋ ಹೋಗಿತ್ತು.

ಸೀರೆ ಮಡಿಸಿಟ್ಟ ಮೇಲೂ ಮಧ್ಯಾಹ್ನದ ತನಕ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಜಗುಲಿಯ ಕಂಬದ ಹತ್ತಿರ ನಿಂತು ಮಗಳಿಗೆ ಹೇಳಿದೆ. ಮೊದಲು ನಕ್ಕಳು, ಅಜ್ಜಿ ಗಿಟಾರನ್ನು ಹೊಗೆಯಲ್ಲಿ ಒಣಗಿಸಿದರಾ ಎಂದು. ನಾನು ನಗಲಿಲ್ಲ ಎಂದು ಅವಳಿಗೆ ತಿಳಿಯಿತು. ಆಮೇಲೆ ಮೆಲ್ಲಗೆ ಹೇಳಿದಳು, ತಂತಿ ಪೂರ್ತಿ ಬಿಚ್ಚಿಬಿಡಬೇಕು, ಇಲ್ಲದಿದ್ದರೆ ಇನ್ನೂ ಎಳೆಯುತ್ತದೆ. ಹಳೇ ಗೋಂದು ಕೆರೆದು, ಮರಕ್ಕೆ ಹಾಕುವ ಗೋಂದು ಹಾಕಿ, ಅಲುಗಾಡದ ಹಾಗೆ ಮೇಲೆ ಭಾರ ಇಡಬೇಕು. ಗಟ್ಟಿಯಾಗುವ ತನಕ ಮುಟ್ಟಬಾರದು. ಸರಿಹೋಗುತ್ತದಾ ಎಂದು ಕೇಳಿದೆ. ಗೊತ್ತಿಲ್ಲಮ್ಮಾ ಎಂದಳು.

ಮನೆಯವರ ಹತ್ತಿರ ಬಾಗಿಲು ರಿಪೇರಿ ಮಾಡಿ ಉಳಿದ ಗೋಂದು ಇತ್ತು. ಅತ್ತೆಯ ಕೋಣೆಯಲ್ಲೇ, ಅವರ ಕಣ್ಣೆದುರೇ, ನೆಲದ ಮೇಲೆ ಗೋಣಿ ಹಾಸಿ ಕೆಲಸ ಮಾಡಿದೆವು. ಭಾರಕ್ಕೆ ಏನು ಇಡುವುದು ಎಂದು ನಾವು ನೋಡುತ್ತಿರುವಾಗ ಅತ್ತೆ, ಚಟ್ನಿಯ ಗುಂಡು ಇಡಿ, ಅದರ ಅಡಿ ಮಟ್ಟಸವಾಗಿದೆ, ಬಟ್ಟೆ ಮಡಿಸಿ ಕೆಳಗೆ ಹಾಕಿ ಎಂದರು. ಹಾಗೆಯೇ ಮಾಡಿದೆವು. ಸರಿಯಾಗಿ ಕೂತಿತು.

ಸಂಜೆಗೆ ಮೊದಲು ಚೇಚಿ ಹಾಡನ್ನು ಕಳಿಸಿದರು. ಕೈ ತಟ್ಟಿಯೇ ಹಾಡಿದ್ದರು, ಚೆನ್ನಾಗಿತ್ತು. ಎಫ್ ಬರುವ ಜಾಗದಲ್ಲಿ ನನ್ನ ತೋರುಬೆರಳು ಫೋನಿನ ಬೆನ್ನಿಗೆ ಅಡ್ಡಲಾಗಿ ಹೊರಳಿತು. ಅತ್ತೆಗೂ ಕೇಳಿಸಿದೆ. ಅವರು ಸರಳಿಗೆ ತಟ್ಟಲಿಲ್ಲ, ಮುಗಿಯುವ ತನಕ ಕೇಳಿ, ನೀನಿದ್ದರೆ ಇಷ್ಟು ಓಡುತ್ತಿರಲಿಲ್ಲ, ಕೈ ತಟ್ಟಿ ತಟ್ಟಿ ಹಾಡನ್ನು ಓಡಿಸಿಬಿಟ್ಟಿದ್ದಾರೆ ಎಂದರು. ನಾಲ್ಕು ಗಂಟೆಗೆ ಬಾಗಿಲು ಹಾಕಿದೆವು. ಕಾಫಿಯ ಕಡೆಯಲ್ಲಿ ಕೊಂಬೆ ಮುರಿದ ಸದ್ದು ಒಂದು ಸಲ ಕೇಳಿತು, ಅಥವಾ ಮಳೆಗೆ ಬಿದ್ದ ಕೊಂಬೆಯೇ ಇರಬಹುದು.

ರಾತ್ರಿಗೆ ಗಂಜಿ, ಸುಟ್ಟ ಒಣಮೀನು, ಹಲಸಿನ ಬೀಜದ ಪಲ್ಯ. ಅತ್ತೆ ಎರಡು ಬಟ್ಟಲು ಗಂಜಿ ಕುಡಿದರು. ಚಟ್ನಿ ಇಲ್ಲವಾ ಎಂದು ಕೇಳಿ, ಮೂಲೆಯ ಕಡೆ ಕಣ್ಣು ಹೋಗಿ, ಶೆರಿ ಬಿಡು ಎಂದರು. ಮನೆಯವರು ತಟ್ಟೆ ತೊಳೆದಿಟ್ಟರು, ಎಂದೂ ತೊಳೆಯುವವರಲ್ಲ. ಇವತ್ತು ಮೊದಲು ಮಲಗಿದವರು ಅತ್ತೆ. ನಾನು ಬಾಯಿ ಒರೆಸುವಷ್ಟರಲ್ಲಿ ನಿದ್ದೆ ಹತ್ತಿತ್ತು. ಆಮೇಲೆ ಮನೆಯವರು. ನಾನು ಅತ್ತೆಯ ತಲೆದಿಂಬಿನ ಪಕ್ಕ ನೀರಿನ ಲೋಟ ಮುಚ್ಚಿಟ್ಟು, ಗುಂಡುಕಲ್ಲು ಜಾರಿಲ್ಲವೆಂದು ನೋಡಿ, ದೀಪ ಆರಿಸಿದೆ.